ಪದಚರ್ಚೆ: ‘ಉಬ್ಬಸ ಬರುವವರೆಗೆ ನಡೆಯಿರಿ’ ಎನ್ನಬಹುದೇ?

ಗೆಳೆಯರೇ,

ಸಿಒಪಿಡಿ (ಗಾಳಿನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಮತ್ತು ಸಿಲಿಕೋಸಿಸ್ (ಕಲ್ಲಿನ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಇರುವವರಿಗೆ ನಡಿಗೆ, ಉಸಿರಾಟದ ಅಭ್ಯಾಸ ಹೇಳಿಕೊಡುವ ಕೈಪಿಡಿಯೊಂದರ ಕರಡು ಮುಂದಿದೆ. ಓದುವವರು ಕಲ್ಲು ಕ್ವಾರಿ, ಜಲ್ಲಿ ಕ್ರಷರುಗಳಲ್ಲಿ ದುಡಿದವರು, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರು. ಕರಡಿನ ಉದ್ದಕ್ಕೂ ‘ಉಬ್ಬಸ’ ಎಂದಿದೆ. ‘ಉಬ್ಬಸ ಬರುವವರೆಗೆ ನಡೆಯಿರಿ’ ಎಂಬ ಸಾಲೂ ಇದೆ. ಈ ಸಾಲನ್ನು ‘ಏದುಸಿರು’ ಎಂದು ತಿದ್ದಲೇಬೇಕು.

ಉಬ್ಬಸ ಎಂದರೆ ಜನರಿಗೆ ಕಾಯಿಲೆ. ಕೂತಲ್ಲೇ ಬರುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಎದೆಯಲ್ಲಿ ಸುಂಯ್ ಎನ್ನುತ್ತದೆ. ಏದುಸಿರು ಹಾಗಲ್ಲ. ದಿಣ್ಣೆ ಹತ್ತಿದ ಯಾರಿಗಾದರೂ ಬರುತ್ತದೆ, ನಿಂತರೆ ಇಳಿಯುತ್ತದೆ. ಈ ನಡಿಗೆಯ ಚಿಕಿತ್ಸೆ ನಿಂತಿರುವುದೇ ಏದುಸಿರಿನ ಮೇಲೆ. ಉಸಿರು ಹತ್ತುತ್ತದೆಂದು ಹೆದರಿ ಕೂತವರ ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ನಾಲ್ಕು ಹೆಜ್ಜೆಗೇ ಸೋಲುತ್ತದೆ, ಉಸಿರು ಇನ್ನೂ ಬೇಗ ಹತ್ತುತ್ತದೆ. ಏದುಸಿರು ಎಷ್ಟೆಂದು ನಡೆಯುವವರೇ ಅಂಕ ಕೊಟ್ಟು ಹೇಳುವ ಬೋರ್ಗ್ ಅಳತೆಯ 0ಯಿಂದ 10ರಲ್ಲಿ 4ರಿಂದ 6ರವರೆಗೆ ಏದುಸಿರು ಬರುವಷ್ಟು ನಡೆಯಬೇಕು: ಮಾತಾಡಲು ಆಗಬೇಕು, ಆದರೆ ಮೂರು ನಾಲ್ಕು ಪದಕ್ಕೊಮ್ಮೆ ಮಾತು ತುಂಡಾಗಬೇಕು. ಮೊದಲು ನಡುನಡುವೆ ಕೂತು ಒಟ್ಟು 10 ನಿಮಿಷ, ಬರಬರುತ್ತಾ 30 ನಿಮಿಷ. ವಾರಕ್ಕೆ 3ರಿಂದ 5 ದಿನ, ಕಡಿಮೆಯೆಂದರೆ 8 ವಾರ. ಪಂಪು (ಇನ್‌ಹೇಲರ್) ಬಳಸುವವರು ವೈದ್ಯರು ಹೇಳಿದ್ದರೆ ನಡಿಗೆಗೆ 15 ನಿಮಿಷ ಮೊದಲೇ ಎಳೆದುಕೊಳ್ಳಬೇಕು. ಎದೆನೋವು, ತಲೆಸುತ್ತು ಬಂದರೆ, ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಆಕ್ಸಿಮೀಟರ್ ಶೇ 88ಕ್ಕಿಂತ ಕೆಳಗೆ ತೋರಿಸಿದರೆ ನಿಲ್ಲಿಸಬೇಕು. ಸಿಲಿಕೋಸಿಸ್‌ನಲ್ಲಿ ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗಿರುವುದರಿಂದ ನಡೆಯುವಾಗ ಆಮ್ಲಜನಕ ಸರ್ರನೆ ಇಳಿಯಬಹುದು, ಅವರಿಗೆ ಆಕ್ಸಿಮೀಟರ್ ಇಲ್ಲದೆ ಶುರುಮಾಡಿಸಬಾರದು. ಕ್ಷಯವೂ ಅವರನ್ನೇ ಹೆಚ್ಚು ಹಿಡಿಯುತ್ತದೆ; ಎರಡು ವಾರ ದಾಟಿದ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷೆ. ಈಗ ಹೇಳಿ, ‘ಉಬ್ಬಸ’ ಎಂದು ಬರೆದರೆ ಯಾರು ನಡೆದಾರು?

‘ದಮ್ಮು’ ಎಲ್ಲರಿಗೂ ಗೊತ್ತು, ಆದರೆ ಅದು ಕಾಯಿಲೆಯೂ ಹೌದು, ಕಸುವೂ ಹೌದು, ಬೀಡಿಯ ಎಳೆತವೂ ಹೌದು. ಕೈಪಿಡಿಗೆ ಒಗ್ಗದು.

ತಿದ್ದಬೇಕಾದ ಇನ್ನೊಂದು ಪದ ‘ಊದಿ’ ಎಂಬ ಕ್ರಿಯಾಪದ. ತುಟಿ ಕಿರಿದು ಮಾಡಿ ಉಸಿರು ಹೊರಬಿಡುವ ಅಭ್ಯಾಸಕ್ಕೆ ಹಾಗೆ ಬರೆದಿದ್ದಾರೆ. ಊದುಗೊಳವೆ ಹಿಡಿದು ಒಲೆ ಹೊತ್ತಿಸಿದ ಹೆಂಗಸಿಗೆ ಊದುವುದೆಂದರೆ ಕೆನ್ನೆ ಉಬ್ಬಿಸಿ, ಹೊಟ್ಟೆ ಬಿಗಿದು ಜೋರಾಗಿ ಊದುವುದು. ಸಿಒಪಿಡಿಯಲ್ಲಿ ಹಾಗೆ ಮಾಡಿದರೆ ಸಣ್ಣ ಗಾಳಿನಾಳಗಳು ಒತ್ತಿಕೊಂಡು ಗಾಳಿ ಒಳಗೇ ಉಳಿಯುತ್ತದೆ. ಮೂಗಿನಿಂದ ಎರಡು ಎಣಿಸುವಷ್ಟು ಎಳೆದುಕೊಂಡು, ಕಿರಿದು ತುಟಿಯಿಂದ ನಾಲ್ಕು ಎಣಿಸುವಷ್ಟು ಬಿಡಬೇಕು. ‘ಎದುರಿಗಿಟ್ಟ ದೀಪದ ಕುಡಿ ಬಾಗಬೇಕು, ಆರಬಾರದು, ಹಾಗೆ ಬಿಡಿ’ ಎಂದು ಬರೆದರೆ ಚಿತ್ರವೇ ಬೇಕಾಗದು. ಕ್ರಿಯಾಪದ ‘ಬಿಡಿ’ ಆಗಿರಲಿ.

‘ಶ್ವಾಸಕೋಶ ಪುನಶ್ಚೇತನ’ ಎಂಬ ತಲೆಬರಹವೂ ಬೇಡ. ಕೆಟ್ಟ ಶ್ವಾಸಕೋಶ ಇದರಿಂದ ಚೇತರಿಸದು, ಚೇತರಿಸುವುದು ಕಾಲು. ಇಲ್ಲದ ಭರವಸೆ ಕೊಟ್ಟಂತಾಗುತ್ತದೆ. ಸರ್ಕಾರಿ ಕನ್ನಡದ ‘ಪುನರ್ವಸತಿ’ಯೋ, ಅಣೆಕಟ್ಟೆಯಲ್ಲಿ ಊರು ಮುಳುಗಿದವರಿಗೆ ಸೇರಿದ ಮಾತು. ‘ಉಸಿರು-ನಡಿಗೆ ತರಬೇತಿ’ ಸಾಕು. ‘ವ್ಯಾಯಾಮ’ವನ್ನೂ ಕಡಿಮೆ ಮಾಡಿ, ಇಡೀ ದಿನ ಕಲ್ಲು ಹೊತ್ತವರಿಗೆ ‘ನೀವು ವ್ಯಾಯಾಮ ಮಾಡಿ’ ಎಂದರೆ ನೋವಾಗುತ್ತದೆ. ದುಡಿಮೆಯ ಜಾಗದಲ್ಲಿ ಧೂಳಿರುತ್ತದೆ, ತಮ್ಮ ಅಳತೆಗೆ ನಿಲ್ಲಿಸುವ ಸ್ವಾತಂತ್ರ್ಯವಿರುವುದಿಲ್ಲ. ಅದಕ್ಕೇ ಬೇರೆ ನಡಿಗೆ ಬೇಕು ಎಂದು ಒಂದು ಸಾಲು ಬರೆಯಲಿ. ಬಾಯಿಗೆ ಕಟ್ಟಿದ ಟವೆಲ್ಲು ಕಣ್ಣಿಗೆ ಕಾಣದ ಸಿಲಿಕಾ ಧೂಳನ್ನು ತಡೆಯದು ಎಂಬುದೂ ಅಲ್ಲೇ ಬರಲಿ.

ಒಂದು ಪದವನ್ನು ಮಾತ್ರ ಮುಟ್ಟಬಾರದು: ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲೇ ಗುರುತಿಸಿದ ಕಾಯಿಲೆ ಇದು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಅಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ, ಇದೇ ಹೆಸರಿತ್ತು. ‘ಧೂಳುರೋಗ’ ಎಂದು ಕನ್ನಡಿಸಿದರೆ, ಪರಿಹಾರ ಕೇಳಲು ಹೋದ ಕಾರ್ಮಿಕನ ಬಾಯಲ್ಲಿ ಒಂದು ಹೆಸರು, ಕಾಗದದಲ್ಲಿ ಇನ್ನೊಂದು. ವಿವರಣೆಯಾಗಿ ಪಕ್ಕದಲ್ಲಿರಲಿ, ಬದಲಿಯಾಗಿ ಬೇಡ.

ಧಾರವಾಡ, ವಿಜಯಪುರದ ಕಡೆಯವರಲ್ಲಿ ಒಂದು ಕೇಳಿಕೆ: ನಿಮ್ಮ ಕಡೆಯ ಪ್ರತಿಯಲ್ಲಿ ‘ಏದುಸಿರು’ ಬಿಟ್ಟು, ಅದೇ ಅರ್ಥದ ‘ತೇಕು’ ಎಂದೇ ಅಚ್ಚು ಹಾಕಬಹುದೇ, ಇಲ್ಲ ‘ತೇಗು’ ಎಂದು ಓದಿಕೊಂಡಾರೇ?