ಹಳೆಯ ಕಾರಿನ ‘ರೆಸ್ಟೊರೇಶನ್’: ಜೀರ್ಣೋದ್ಧಾರವೋ, ನವೀಕರಣವೋ, ಎಬ್ಬಿಸುವುದೋ?

ಗೆಳೆಯರೇ,

ಒಂದು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆಯಲು ಒಂದು ಪದ ಬೇಕಾಗಿದೆ. ‘ಕಾರಿನ’ ಎಂದು ಬರೆದು, ಜಾಗ ಬಿಟ್ಟು, ‘ದಿನಚರಿ’ ಎಂದು ಮುಗಿಸಿದ್ದೇನೆ. ನಡುವಿನ ಜಾಗ ಎರಡು ತಿಂಗಳಿಂದ ಖಾಲಿ ಇದೆ.

ಸುಂಟಿಕೊಪ್ಪದ ಸಮೀಪ ನನ್ನ ಭಾವನ ಕಾಫಿ ತೋಟವಿದೆ. ಕೊಯ್ಲು ಮುಗಿದು ಮೂಟೆಗಳು ಮಾರಾಟವಾದ ಮೇಲೆ ಅಲ್ಲಿನ ಗೋದಾಮಿನಲ್ಲಿ ಒಂದು ಬೆಂಜ್ ಕಾರು ಬಂದು ನಿಲ್ಲುತ್ತದೆ. 1996ರ ಇ220. ಮರ್ಸಿಡಿಸ್ ಕಂಪನಿ ಟೆಲ್ಕೊ (ಇಂದಿನ ಟಾಟಾ ಮೋಟಾರ್ಸ್) ಜೊತೆಗೂಡಿ 1995ರಲ್ಲಿ ಪುಣೆಯಲ್ಲಿ ಜೋಡಿಸತೊಡಗಿದ ಡಬ್ಲ್ಯು124 ಮಾದರಿಯದು. ಮುಂದಿನ ಗಾಜಿಗೆ ಒಂದೇ ಒಂದು ವೈಪರ್. ಅದು ಸುಮ್ಮನೆ ಅರ್ಧಚಂದ್ರ ಬಳಿಯುವುದಿಲ್ಲ. ಗಾಜಿನ ಮೇಲಿನ ಮೂಲೆ ಬಂದಾಗ ಕೈ ಚಾಚುತ್ತದೆ, ನಡುವಿಗೆ ಬಂದಾಗ ಮಡಚಿಕೊಳ್ಳುತ್ತದೆ. ಕೊಡಗಿನ ಜುಲೈ ತಿಂಗಳನ್ನು ನೋಡಿಯೇ ಮಾಡಿದಂತಿದೆ ಎಂದು ಭಾವ ಹೊಗಳುತ್ತಾರೆ. ಸದ್ಯಕ್ಕೆ ಹೊಗಳುವಂತೆ ಉಳಿದಿರುವ ಅಂಗವೂ ಅದೊಂದೇ. ಪತ್ರಿಕೆಗಳು ಇಂಥದ್ದನ್ನು ಐಷಾರಾಮಿ ಕಾರು ಎನ್ನುತ್ತವೆ. ಐಷೂ ಇಲ್ಲ, ಆರಾಮವೂ ಇಲ್ಲ. ಹಿಂದಿನ ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು, ಚರ್ಮದ ಮೇಲೆ ಬೂಷ್ಟು ಬೆಳೆದಿತ್ತು.

ಬಿಚ್ಚುವವರು ಭಾವ ಮತ್ತು ಟಿಂಕರ್ ಮೇಸ್ತ್ರಿ. ಯಾವ ಬೋಲ್ಟು ಎಲ್ಲಿಯದು, ಏನನ್ನು ಕತ್ತರಿಸಿದರು ಎಂದು ಬರೆದಿಡುವವನು ನಾನು.

ಮೊದಲು ‘ದುರಸ್ತಿ’ ಎಂದು ಬರೆಯಹೊರಟೆ. ಒಳ್ಳೆಯ ಪದವೇ. ಫಾರಸಿಯ ‘ದುರುಸ್ತ್’, ಅಂದರೆ ‘ಸರಿಯಾದ’ ಎಂಬುದರಿಂದ ಬಂದು ನಮ್ಮದೇ ಆಗಿಹೋಗಿದೆ. ಆದರೆ ದುರಸ್ತಿಯಾದ ಗಾಡಿ ಓಡಿದರೆ ಸಾಕು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಆಗಬೇಕು, ತಿರುಪು ಕೂಡ ಅದೇ ಬಗೆಯದಾಗಿರಬೇಕು ಎಂಬ ಹಠ ‘ದುರಸ್ತಿ’ಯಲ್ಲಿಲ್ಲ. ಭಾವನ ಇಡೀ ಹುಚ್ಚು ಆ ಹಠದಲ್ಲಿಯೇ ಇದೆ.

‘ನವೀಕರಣ’ ಎಂದೆ. ಮಡಿಕೇರಿಯ ಸ್ನೇಹಿತರೊಬ್ಬರಿಗೆ ಫೋನಿನಲ್ಲಿ “ಭಾವನ ಕಾರಿನ ನವೀಕರಣ ನಡೆದಿದೆ” ಎಂದು ಹೇಳಿದರೆ ಅವರು “ಶುಲ್ಕ ಎಷ್ಟಾಯಿತು?” ಎಂದು ಕೇಳಿದರು. ತಪ್ಪು ಅವರದಲ್ಲ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೆಯ ಕಾರು ಇಟ್ಟವರಿಗೆ ಆ ಪದದ ಅರ್ಥ ಅಷ್ಟೇ. ಮೇಲಾಗಿ ಅದರೊಳಗೆ ‘ನವ’ ಕೂತಿದೆ. ಇಲ್ಲಿ ಹೊಸದು ಮಾಡುವುದಲ್ಲ, ಹಳೆಯದನ್ನು ಹಳೆಯದಾಗಿಯೇ ಉಳಿಸುವುದು.

‘ಯಥಾಸ್ಥಿತಿಗೆ ತರುವುದು’ ಎಂದು ವಕೀಲ ಮಿತ್ರರು ಸೂಚಿಸಿದರು. ಅವರ ನ್ಯಾಯಾಲಯದಲ್ಲಿ ಯಥಾಸ್ಥಿತಿ ಕಾಪಾಡುವುದೆಂದರೆ ಈಗ ಹೇಗಿದೆಯೋ ಹಾಗೆಯೇ ಬಿಡುವುದು. ಹಾಗೆ ಬಿಟ್ಟರೆ ಇನ್ನೆರಡು ಮಳೆಗಾಲಕ್ಕೆ ಕಾರಿನ ಬದಲು ಕೆಂಪು ಪುಡಿ ಉಳಿಯುತ್ತದೆ.

ಉಳಿದದ್ದು ‘ಜೀರ್ಣೋದ್ಧಾರ’. ಇದರ ಪರವಾಗಿ ನಾನು ಬಹಳ ದಿನ ಇದ್ದೆ. ಜೀರ್ಣವಾದದ್ದನ್ನು ಮೇಲೆತ್ತುವುದು. ಜೀರ್ಣ ಎಂದರೆ ಸವೆದದ್ದು, ಮುಪ್ಪಾದದ್ದು. ‘ಜರೆ’ಯೂ ಅದೇ ಧಾತುವಿನದು, ಹೊಟ್ಟೆಯಲ್ಲಿ ಅನ್ನ ಜೀರ್ಣವಾಗುವುದೂ ಅದೇ. ಕೊಡಗಿನ ಮಳೆ ಕಬ್ಬಿಣವನ್ನು ಜೀರ್ಣಿಸಿಕೊಳ್ಳುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಪದವೇನೋ ಸೊಗಸಾಗಿದೆ. ಅದರ ಚರಿತ್ರೆ ಮಾತ್ರ ಚೆನ್ನಾಗಿಲ್ಲ. ಜೀರ್ಣೋದ್ಧಾರವಾಯಿತು ಎಂದು ಕೇಳಿ ನಾನು ನೋಡಹೋದ ಗುಡಿಗಳಲ್ಲಿ ಹಳೆಯ ಮರದ ಕಂಬಗಳು ಹಿತ್ತಲಿನಲ್ಲಿ ಬಿದ್ದಿದ್ದವು, ಒಳಗೆ ನುಣುಪು ಗ್ರಾನೈಟು, ಗೋಡೆಗೆ ಸ್ನಾನದ ಮನೆಯ ಟೈಲ್ಸು. ಪದಕೋಶದ ಅರ್ಥ ಒಂದು, ಊರಿನಲ್ಲಿ ನಡೆಯುವುದು ಇನ್ನೊಂದು. ಭಾವನಿಗೆ ಈ ಪದ ಹೇಳಿದಾಗ “ಬೇಡಪ್ಪ, ಹಾಗೆಂದರೆ ಮೇಸ್ತ್ರಿ ಹೊಸ ಬಂಪರ್ ತರುತ್ತಾರೆ” ಎಂದರು.

ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಿ ಎನ್ನುವವರು ಇರುತ್ತಾರೆ. ಅವರಿಗೊಂದು ಮಾತು. ಭಾವ ಈ ಕಾರನ್ನು ಕೊಂಡದ್ದೇ ‘ರೆಸ್ಟೋರ್ ಮಾಡಿದ ಗಾಡಿ’ ಎಂದು ನಂಬಿ. ಗೋದಾಮಿಗೆ ತಂದ ದಿನ ಮೇಸ್ತ್ರಿ ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಬಾಗಿಲಿನ ಮೇಲೆ ಜಾರಿಸುತ್ತಾ ಹೋದರು. ಮೇಲ್ಭಾಗದಲ್ಲಿ ಅಂಟಿಕೊಂಡಿದ್ದ ಅಯಸ್ಕಾಂತ ಕೆಳಗೆ ಬರುತ್ತಿದ್ದಂತೆ ಸಡಿಲವಾಗಿ ತಟ್ಟನೆ ನೆಲಕ್ಕೆ ಬಿತ್ತು. ತಗಡಿನ ಮೇಲೆ ಅಷ್ಟು ದಪ್ಪ ಪುಟ್ಟಿ ಮೆತ್ತಿದ್ದರು. ನಮ್ಮ ಹಳೆಯ ಮಾತಿನಲ್ಲಿ ಅದು ಗಿಲೀಟು.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ಪದ ಹುಡುಕುತ್ತಾ ನಾನು ನಾಮಪದಗಳ ಹಿಂದೆ ಬಿದ್ದಿದ್ದೆ. ಮೇಸ್ತ್ರಿಯ ಕನ್ನಡ ಕ್ರಿಯಾಪದಗಳ ಮೇಲೆ ನಡೆಯುತ್ತದೆ.

ಈ ಕಾರಿನ ಪಕ್ಕೆಗೆ ಉದ್ದಕ್ಕೂ ಪ್ಲಾಸ್ಟಿಕ್ಕಿನ ಹೊದಿಕೆ ಇದೆ. ಅದರ ಹಿಂದೆ ಜಾಕಿ ಕೊಡುವ ಜಾಗಗಳು. ರಸ್ತೆಯ ಕೆಸರು ಒಳಗೆ ಸೇರಿಕೊಂಡು ವರ್ಷಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಹೊದಿಕೆ ತೆಗೆದ ದಿನ ಮೇಸ್ತ್ರಿ ನೆಲದ ಮೇಲೆ ಅಂಗಾತ ಮಲಗಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರು. ಒಂದು ಕಡೆ ಟಣ್ ಎಂದಿತು. “ಇಲ್ಲಿ ಬರಿ ಕೂತಿದೆ.” ನಾಲ್ಕು ಬೆರಳು ಮುಂದೆ ಸದ್ದು ಸ್ವಲ್ಪ ಮಂಕಾಯಿತು. “ಇಲ್ಲಿ ಹಿಡಿದಿದೆ.” ಇನ್ನೂ ಮುಂದೆ ಸದ್ದೇ ಬರಲಿಲ್ಲ. ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆ ಒತ್ತಿದರು. ನೆನೆದ ಬಿಸ್ಕತ್ತಿನೊಳಗೆ ಹೋದಂತೆ ಹೋಯಿತು. “ಇಲ್ಲಿ ತಿಂದಿದೆ ಸಾರ್, ಬರೆದುಕೊಳ್ಳಿ.”

ಮೂರು ಸಲವೂ ‘ತುಕ್ಕು’ ಎಂಬ ಪದವನ್ನು ಅವರು ಬಾಯಿಗೇ ತರಲಿಲ್ಲ ಎಂಬುದನ್ನು ಗಮನಿಸಿ. ಎಲ್ಲವನ್ನೂ ಕ್ರಿಯಾಪದವೇ ಹೇಳಿತು. ಕೂತದ್ದನ್ನು ಉಪ್ಪು ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆ. ಹಿಡಿದದ್ದಕ್ಕೆ ತಂತಿಯ ಬ್ರಷ್ ಬೇಕು, ಆಮೇಲೆ ಫಾಸ್ಫಾರಿಕ್ ಆಮ್ಲದ ದ್ರಾವಣ ಬಳಿಯಬೇಕು. ತಿಂದದ್ದನ್ನು ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸಿ ತೆಗೆದು ಹೊಸ ತುಂಡು ಬೆಸೆಯಬೇಕು, ಬೇರೆ ದಾರಿಯಿಲ್ಲ. ಕ್ರಿಯಾಪದ ಕೇಳಿದೊಡನೆ ಖರ್ಚು ಗೊತ್ತಾಗುತ್ತದೆ. ಮೂರನೆಯದು ಬಂದಾಗಲೆಲ್ಲ ಭಾವನ ಮುಖ ನೋಡಬೇಕು!

ಮನೆಗೆ ಬಂದು ಬರೆಯುವಾಗ ಇನ್ನೊಂದು ಹೊಳೆಯಿತು. ಕಬ್ಬಿಣದ ಮೇಲೆ ತುಕ್ಕು ಕೂರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಕಬ್ಬಿಣವನ್ನು ತುಕ್ಕು ತಿನ್ನುತ್ತದೆ. ರೋಗ ಒಳಗಿಳಿದಂತೆ ವಿಭಕ್ತಿಯೂ ಬದಲಾಗುತ್ತದೆ. ‘ಮೇಲೆ’ ಎಂದಿದ್ದದ್ದು ಚತುರ್ಥಿಗೆ ಬರುತ್ತದೆ, ಕೊನೆಗೆ ದ್ವಿತೀಯೆಗೆ ಸಿಕ್ಕಿ ಕರ್ಮವಾಗುತ್ತದೆ. ನಡುವಿನ ‘ಹಿಡಿ’ ಎಂಬುದು ಗ್ರಹಣಕ್ಕೂ ಹುಚ್ಚಿಗೂ ದೆವ್ವಕ್ಕೂ ನಾವು ಬಳಸುವ ಕ್ರಿಯೆಯೇ. ಹಿಡಿದದ್ದನ್ನು ಬಿಡಿಸಬಹುದು ಎಂಬ ಆಸೆ ಅದರಲ್ಲಿದೆ. ಪಕ್ಕದ ತೋಟದ ಹಿರಿಯರು ಕೊಡವರು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಇಳಿಸಿ ಎಣ್ಣೆ ಹಾಕಿ, ತೋಕ್ ಪೂ ಎಂಬ ಹೂವನ್ನು ಇಟ್ಟು ಪೂಜಿಸುವ ಮನೆಯವರು. ಮಳೆಗಾಲವಿಡೀ ಕಬ್ಬಿಣ ಕಾಯುವುದು ಅವರಿಗೆ ಕಲಿಸಬೇಕಾದ ವಿದ್ಯೆಯಲ್ಲ. ಅವರ ಮುಂದೆ ಇದನ್ನು ಹೇಳಿದಾಗ ಅವರು ನಕ್ಕು, “ಕೂತಾಗಲೇ ಒರೆಸಿದರೆ ಉಳಿದೆರಡು ಮಾತು ಬೇಕಾಗುವುದಿಲ್ಲ” ಎಂದರು. ಅವರ ಮಾತು ನಿಜ. ಜುಲೈಯಲ್ಲಿ ಸಂಜೆ ಉಜ್ಜಿ ಬೆಳ್ಳಿಯಂತೆ ಮಾಡಿಟ್ಟ ತಗಡಿನ ಮೇಲೆ ಬೆಳಿಗ್ಗೆಯೇ ತೆಳುವಾದ ಕೇಸರಿ ಬಣ್ಣ ಕೂತಿರುತ್ತದೆ. ಪ್ರೈಮರ್ ಬಳಿದರೂ ನಿಶ್ಚಿಂತೆಯಿಲ್ಲ, ಪ್ರೈಮರ್ ನೀರು ಕುಡಿಯುತ್ತದೆ. ಹಾಗಾಗಿ ಬಣ್ಣದ ಕೆಲಸ ಮಳೆ ನಿಲ್ಲುವ ತನಕ ಇಲ್ಲ.

ಸಣ್ಣಪುಟ್ಟವು ಕೆಲವಿವೆ. ‘ಗ್ಯಾರೇಜ್’ ಮೂಲತಃ ಗಾಡಿಯನ್ನು ಮಳೆಬಿಸಿಲಿನಿಂದ ಮರೆಮಾಡುವ ಜಾಗ. ಕನ್ನಡದಲ್ಲಿ ಅದು ಮೆಕ್ಯಾನಿಕ್‌ನ ಅಂಗಡಿ, ಮನೆಯದು ‘ಶೆಡ್ಡು’. ಆದ್ದರಿಂದ ‘ಮನೆಯ ಗ್ಯಾರೇಜಿನಲ್ಲಿ’ ಎಂದು ಬರೆದರೆ ಭಾವ ಅಂಗಡಿ ಇಟ್ಟಂತಾಗುತ್ತದೆ. ಇನ್ನು ‘ಡಿಕ್ಕಿ’. “ಹಿಂದಿನ ಡಿಕ್ಕಿ ಸರಿಮಾಡಿದೆವು” ಎಂದು ಬರೆದದ್ದನ್ನು ಓದಿದ ಸೋದರಳಿಯ “ಮಾಮ, ಯಾವಾಗ ಗುದ್ದಿತು?” ಎಂದ. ಗುದ್ದುವ ಡಿಕ್ಕಿ ನಮ್ಮಲ್ಲಿ ಮೊದಲೇ ಇತ್ತು. ಸಾಮಾನು ಇಡುವ ಡಿಕ್ಕಿ ಇಂಗ್ಲಿಷಿನದು, ಹಿಂದೆ ಸಾರೋಟಿನ ಹಿಂಭಾಗದಲ್ಲಿ ಆಳುಗಳು ಕೂರುತ್ತಿದ್ದ ಆಸನದ ಹೆಸರು. ಕೇಳುವ ಕಿವಿಗೆ ಎರಡೂ ಒಂದೇ.

ಮತ್ತೆ ನನ್ನ ಪದಕ್ಕೆ ಬರುತ್ತೇನೆ. ಈ ಇಡೀ ಕೆಲಸಕ್ಕೆ ಮೇಸ್ತ್ರಿ ಬಳಸುವುದು ಒಂದೇ ಕ್ರಿಯೆ. ಕಾರನ್ನು ಮೊದಲು ನೋಡಿದ ದಿನ ಅದರ ಸುತ್ತ ಎರಡು ಸುತ್ತು ಬಂದು ಅವರು ಹೇಳಿದ್ದು ಇಷ್ಟು: “ಎಬ್ಬಿಸಬಹುದು.” ನಿಂತ ಗಾಡಿ, ಮಲಗಿದ ಗಾಡಿ ಎಂದು ಹೇಳುವ ಭಾಷೆಯಲ್ಲಿ ಎಬ್ಬಿಸುವುದು ಎಷ್ಟು ಸಹಜ! ಗೋಡೆ ಎಬ್ಬಿಸುತ್ತೇವೆ, ಮಲಗಿದವರನ್ನು ಎಬ್ಬಿಸುತ್ತೇವೆ. ಎದ್ದವನು ಹೊಸಬನಾಗುವುದಿಲ್ಲ, ಮಲಗಿದ್ದವನೇ ಏಳುತ್ತಾನೆ. ‘ನವೀಕರಣ’ದಲ್ಲಿಯೂ ‘ಜೀರ್ಣೋದ್ಧಾರ’ದಲ್ಲಿಯೂ ಸಿಗದಿದ್ದ ಅರ್ಥ ಇಲ್ಲಿದೆ. ತೊಡಕು ಎರಡು. ಎಂಜಿನ್ ಶುರುವಾದರೂ ‘ಎದ್ದಿತು’ ಎನ್ನುವವರಿದ್ದಾರೆ. ನಾಮಪದ ಮಾಡಹೋದರೆ ‘ಎಬ್ಬಿಸುವಿಕೆ’ ಎಂಬ ಸರ್ಕಾರಿ ಸುತ್ತೋಲೆಯ ಪದ ಹುಟ್ಟುತ್ತದೆ, ಅದನ್ನು ನಾನು ಬರೆಯುವುದಿಲ್ಲ.

ನಿಮ್ಮ ಊರಿನ ಮೆಕ್ಯಾನಿಕ್‌ಗಳು, ಬಡಗಿಗಳು, ಗಡಿಯಾರ ರಿಪೇರಿಯವರು ಹಳೆಯದನ್ನು ಮೊದಲಿನಂತೆ ಮಾಡುವುದಕ್ಕೆ ಏನು ಹೇಳುತ್ತಾರೆ? ಪದಕೋಶದ್ದು ಬೇಡ, ಕಿವಿಯಿಂದ ಕೇಳಿದ್ದನ್ನು ಬರೆಯಿರಿ. ಕೊಡವ ತಕ್ಕ್, ಅರೆಭಾಷೆ, ತುಳುವಿನ ಮಾತುಗಳೂ ಬರಲಿ. ಜೊತೆಗೆ ಇನ್ನೊಂದು: ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು, ಸರಿ. ಅಲ್ಯೂಮಿನಿಯಂ ಮೇಲೆ ಏಳುವ ಬಿಳಿ ಪುಡಿಗೆ ನಿಮ್ಮಲ್ಲಿ ಹೆಸರಿದೆಯೇ? ಮೇಸ್ತ್ರಿ ‘ಬೂದಿ’ ಎನ್ನುತ್ತಾರೆ.

ಡಿಸೆಂಬರಿನೊಳಗೆ ಉತ್ತರಿಸಿದರೆ ಒಳ್ಳೆಯದು. ‘ಎಬ್ಬಿಸು’ ಎಂಬ ಪದವನ್ನು ಮನೆಯಲ್ಲಿ ಮನಸಾರೆ ಒಪ್ಪಿದವಳು ಅಕ್ಕ ಒಬ್ಬಳೇ. ಆದರೆ ಅವಳು ಹೇಳುತ್ತಿರುವುದು ಒಕ್ಕಲೆಬ್ಬಿಸುವ ಅರ್ಥದಲ್ಲಿ, ಕಾಫಿ ಒಳಗೆ ಬರುವ ಮೊದಲು.