ಒಂದೇ ಸಲ ಬಂದು ಹೋದವರನ್ನು 'ಡ್ರಾಪ್‌ಔಟ್' ಅಂತ ಬರೆಯಬೇಕಾ?

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಹತ್ತಿರದವರನ್ನು ಕಳೆದುಕೊಂಡವರಿಗೆ ವಾಕ್‌ಇನ್ ಕೌನ್ಸೆಲಿಂಗ್‌ನಿಂದ ಏನು ಸಿಗುತ್ತದೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಅಪಾಯಿಂಟ್‌ಮೆಂಟ್ ಬೇಡ, ಡಾಕ್ಟರ ಚೀಟಿ ಬೇಡ. ಬಾಗಿಲು ತೆರೆದಿರುವ ಹೊತ್ತಲ್ಲಿ ಯಾರು ಬೇಕಾದರೂ ಬಂದು ಕೂರಬಹುದು.

ನಾನು ಹಾಕಿಕೊಂಡ ಯೋಜನೆ ಸರಳವಾಗಿತ್ತು. ಬಂದ ದಿನ 'ಇನ್ವೆಂಟರಿ ಆಫ್ ಕಾಂಪ್ಲಿಕೇಟೆಡ್ ಗ್ರೀಫ್' ಅನ್ನುವ, ದುಃಖದ ಬಗ್ಗೆ ಕೇಳುವ 19 ಪ್ರಶ್ನೆಗಳ ಫಾರಂ ತುಂಬಿಸುವುದು. ಆರು ವಾರ ಬಿಟ್ಟು ಮತ್ತೆ ಅದನ್ನೇ ತುಂಬಿಸುವುದು. ಅಂಕ ಎಷ್ಟು ಇಳಿಯಿತು ಅಂತ ನೋಡುವುದು. ಈಗ ಮೂರು ತಿಂಗಳಾಯಿತು. ಬಂದವರಲ್ಲಿ ಮುಕ್ಕಾಲು ಪಾಲು ಜನ ಎರಡನೇ ಸಲ ಬರಲೇ ಇಲ್ಲ. ಅವರನ್ನೆಲ್ಲ 'ಡ್ರಾಪ್‌ಔಟ್' ಅಂತ ಬರೆದುಬಿಡು ಅಂದರು ನನ್ನ ಗೈಡ್.

ಹಾಗೆ ಬರೆಯಲು ಕೈ ಬರುತ್ತಿಲ್ಲ. ಹೋದ ವಾರ ಒಬ್ಬ ಹಿರಿಯರು ಬಂದಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಮಗ ತೀರಿಕೊಂಡು ನಾಲ್ಕು ವಾರ. ನಾನು ಫಾರಂ ಕೊಟ್ಟೆ. ನಿಧಾನಕ್ಕೆ ಗುರುತು ಹಾಕುತ್ತಾ ಹೋದರು. ತೀರಿಕೊಂಡವರ ದನಿ ಕೇಳಿಸುವ ಬಗ್ಗೆ ಇರುವ ಪ್ರಶ್ನೆ ಬಂದ ಕಡೆ ಪೆನ್ನು ನಿಂತಿತು. ಕ್ಯಾಪ್ ಹಾಕಿ, ಪೆನ್ನನ್ನು ಫಾರಂ ಮೇಲೆ ಇಟ್ಟರು. ಆಮೇಲೆ ಜೇಬಿನಿಂದ ಒಂದು ಫೋನ್ ತೆಗೆದರು. ಮಗನದು. ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು, ಅದರ ಮೇಲೆ ಟೇಪ್ ಅಂಟಿಸಿತ್ತು. "ದಿನಾ ರಾತ್ರಿ ಇದನ್ನ ಚಾರ್ಜಿಗೆ ಹಾಕ್ತೀನಮ್ಮಾ. ಇದಕ್ಕೆ ಇನ್ನು ಯಾರೂ ಫೋನ್ ಮಾಡಲ್ಲ. ಆದ್ರೂ ಆಫ್ ಆಗೋಕೆ ಬಿಡಲ್ಲ. ನನಗೇನು ತಲೆ ಕೆಟ್ಟಿದೆಯಾ?" ಅಂದರು.

ಅಲ್ಲಿನ ಕೌನ್ಸೆಲರ್ ಮೇಡಂ ಅವರ ಜೊತೆ ಐವತ್ತು ನಿಮಿಷ ಕೂತರು. ಹೋಗುವಾಗ ಆ ಹಿರಿಯರು ನನ್ನ ಮೇಜಿನ ಹತ್ತಿರ ನಿಂತು, "ಇನ್ನು ಬರ್ಬೇಕು ಅನ್ಸಲ್ಲ. ಬಂದಿದ್ದು ಒಳ್ಳೇದಾಯ್ತು" ಅಂದರು. ನನ್ನ ಹಾಳೆಯಲ್ಲಿ ಅವರ ಹೆಸರಿನ ಮುಂದೆ ಅರ್ಧ ಖಾಲಿ ಫಾರಂ. ಲೆಕ್ಕದಲ್ಲಿ ಅವರೂ ಡ್ರಾಪ್‌ಔಟ್.

ಇದನ್ನು ಸರಿಯಾಗಿ ಅಳೆಯುವುದು ಹೇಗೆ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಬಾಗಿಲ ಹತ್ತಿರದ ಕುರ್ಚಿ:

ನಾನು ಹದಿನಾಲ್ಕು ವರ್ಷದಿಂದ ವಾಕ್‌ಇನ್ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ನಿಮ್ಮ ಕೈ ತಡೆದದ್ದು ಸರಿಯಾಗಿಯೇ ಇದೆ. ಹಾಗೆ ಬರೆಯಬೇಡಿ.

ಈ ಪ್ರಶ್ನೆ ಹಳೆಯದು. ಮೋಶೆ ತಾಲ್ಮೊನ್ ಅನ್ನುವ ಮನಶ್ಶಾಸ್ತ್ರಜ್ಞ ಅಮೆರಿಕದ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುವಾಗ ದಾಖಲೆ ತೆಗೆದು ನೋಡಿದರು. ಅತಿ ಹೆಚ್ಚು ಜನ ಬಂದಿದ್ದು ಒಂದೇ ಸಲ. ಅವರು ನಿಮ್ಮ ಹಾಗೆಯೇ ಗಾಬರಿಯಾದರು. ಆದರೆ ಸುಮ್ನೆ ಕೂರಲಿಲ್ಲ, ಒಂದೇ ಸಲ ಬಂದ ತಮ್ಮ 200 ಜನರಿಗೆ ಫೋನ್ ಮಾಡಿ ಕೇಳಿದರು. ನೂರಕ್ಕೆ 78 ಜನ ಆ ಒಂದೇ ಭೇಟಿಯಲ್ಲಿ ತಮಗೆ ಬೇಕಾದ್ದು ಸಿಕ್ಕಿತು ಅಂದರು. 1990ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. ಅದೇ ವರ್ಷ ಕೆನಡಾದ ಕ್ಯಾಲ್ಗರಿಯಲ್ಲಿ ಈಸ್ಟ್‌ಸೈಡ್ ಫ್ಯಾಮಿಲಿ ಸೆಂಟರ್ ಅನ್ನುವ ವಾಕ್‌ಇನ್ ಕೇಂದ್ರ ಶುರುವಾಯಿತು. ಪ್ರತಿ ಭೇಟಿಯೂ ಅದರಷ್ಟಕ್ಕೆ ಪೂರ್ತಿ, ಮುಂದಿನದು ಬಂದವರ ಇಷ್ಟ ಅನ್ನುವುದೇ ಅಲ್ಲಿನ ರೀತಿ. ಡ್ರಾಪ್‌ಔಟ್ ಅಂದರೆ ಮತ್ತೆ ಬರುತ್ತೇನೆ ಅಂತ ಒಪ್ಪಿ ಬರದವರು. ಒಪ್ಪಿಯೇ ಇಲ್ಲದವರು ಬಿಟ್ಟು ಹೋಗುವುದು ಹೇಗೆ, ಅಲ್ವಾ?

ಈಗ ಆ ಫಾರಂ ವಿಷಯ. ನನಗೆ ಜಾಸ್ತಿ ಕಳವಳ ಆಗಿದ್ದು ಅಲ್ಲೇ. ಹಾಲಿ ಪ್ರಿಗರ್ಸನ್ ಮತ್ತು ಅವರ ಜೊತೆಯವರು 1995ರಲ್ಲಿ ಅದನ್ನು ಮಾಡಿದ್ದು ದುಃಖವನ್ನು ಅಳೆಯಲು ಅಲ್ಲ. ತುಂಬಾ ದಿನವಾದರೂ ದುಃಖದಲ್ಲೇ ಸಿಕ್ಕಿಹಾಕಿಕೊಂಡವರನ್ನು ಗುರುತಿಸಲು. ಸಾವಾಗಿ ಆರು ತಿಂಗಳಾದ ಮೇಲೂ 25ಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಿ ಅನ್ನುವ ಲೆಕ್ಕ ಅದು. ನಾಲ್ಕು ವಾರದ ಹಿಂದೆ ಮಗನನ್ನು ಕಳೆದುಕೊಂಡವರಿಗೆ ಕೊಟ್ಟರೆ ಅಂಕ ಮೇಲೆ ಇರದೆ ಇನ್ನೇನು? 'ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್' (ದೀರ್ಘಕಾಲ ಇಳಿಯದ ದುಃಖದ ಕಾಯಿಲೆ) ಅಂತ ಹೇಳಬೇಕಾದರೂ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರ ಪ್ರಕಾರ ಕನಿಷ್ಠ 6 ತಿಂಗಳು ಕಳೆದಿರಬೇಕು. 2022ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5-ಟಿಆರ್ ಪ್ರಕಾರ ದೊಡ್ಡವರಿಗೆ 12 ತಿಂಗಳು. ಇನ್ನೊಂದು ತೊಡಕಿದೆ. ಆರು ವಾರದಲ್ಲಿ ಅಂಕ ಇಳಿದರೂ ಅದು ನಿಮ್ಮ ಕೌನ್ಸೆಲಿಂಗ್‌ನಿಂದಲೋ, ದಿನ ಕಳೆದಿದ್ದರಿಂದಲೋ ಹೇಳಲು ಬರುವುದಿಲ್ಲ. ಹೋಲಿಸಿ ನೋಡಲು ನಿಮ್ಮ ಹತ್ತಿರ ಬೇರೆ ಗುಂಪಿಲ್ಲ.

2008ರಲ್ಲಿ ಕರಿಯರ್, ನೀಮೆಯರ್, ಬರ್ಮನ್ ಅನ್ನುವ ಮೂವರು ಸಂಶೋಧಕರು ಸೇರಿ 61 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಸಾವು ಕಂಡವರಿಗೆಲ್ಲ ಕೌನ್ಸೆಲಿಂಗ್ ಕೊಟ್ಟಾಗ ಕೊನೆಗೆ ಏನೂ ವ್ಯತ್ಯಾಸ ಕಾಣಲಿಲ್ಲ. ನಿಜವಾಗಿ ಕಷ್ಟಪಡುತ್ತಿದ್ದವರಿಗೆ ಕೊಟ್ಟಾಗ ಕಂಡಿತು. ನನಗೆ ವಾಕ್‌ಇನ್ ಇಷ್ಟವಾಗುವುದು ಈ ಕಾರಣಕ್ಕೇ. ನಾವು ಯಾರನ್ನೂ ಹುಡುಕಿಕೊಂಡು ಹೋಗಿ ನಿಮಗೆ ಸಹಾಯ ಬೇಕು ಅನ್ನುವುದಿಲ್ಲ. ಯಾವುದೋ ಒಂದು ಪ್ರಶ್ನೆ ನಿದ್ದೆ ಕೆಡಿಸಿದಾಗ ಅವರೇ ಬರುತ್ತಾರೆ.

ಆ ಹಿರಿಯರು ತಂದದ್ದು ಅಂಥ ಒಂದೇ ಪ್ರಶ್ನೆ, 'ನನಗೆ ತಲೆ ಕೆಟ್ಟಿದೆಯಾ' ಅಂತ. ನಾನು ಅಲ್ಲಿದ್ದಿದ್ದರೆ ಫೋನ್‌ನಲ್ಲಿ ಏನಿದೆ, ತೋರಿಸ್ತೀರಾ ಅಂತ ಕೇಳುತ್ತಿದ್ದೆ. ಸತ್ತವರನ್ನು ಬಿಟ್ಟುಬಿಡಬೇಕು ಅನ್ನುವ ಹಳೇ ಮಾತನ್ನು 1996ರಲ್ಲೇ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಪ್ರಶ್ನೆ ಮಾಡಿದರು. ಸಂಬಂಧ ಮುಗಿಯುವುದಿಲ್ಲ, ಬೇರೆ ರೀತಿಯಲ್ಲಿ ಮುಂದುವರಿಯುತ್ತದೆ ಅಂದರು. ಫೋನ್ ಚಾರ್ಜ್ ಮಾಡುವ ಅಪ್ಪನಿಗೆ ತಲೆ ಕೆಟ್ಟಿಲ್ಲ. ಅದನ್ನು ಯಾರಾದರೂ ಅವರ ಎದುರು ಕೂತು ಹೇಳಬೇಕಿತ್ತು, ಅಷ್ಟೇ.

ಹಾಗಾಗಿ ಅಳೆಯುವುದಾದರೆ ಅದನ್ನೇ ಅಳೆಯಿರಿ. ಬಂದ ತಕ್ಷಣ 'ಇವತ್ತು ಇಲ್ಲಿಗೆ ಯಾಕೆ ಬಂದಿರಿ' ಅಂತ ಕೇಳಿ, ಅವರು ಹೇಳಿದ ಮಾತನ್ನೇ ಬರೆದುಕೊಳ್ಳಿ, ತಿದ್ದಬೇಡಿ. ಹೋಗುವಾಗ ಆ ಮಾತನ್ನು ಓದಿ ಹೇಳಿ, ಅದು ಎಷ್ಟು ಸಿಕ್ಕಿತು ಅಂತ ಕೇಳಿ. ಒಂದು ತಿಂಗಳಾದ ಮೇಲೆ ಫೋನ್ ಮಾಡಬಹುದಾ ಅಂತ ಅನುಮತಿ ತೆಗೆದುಕೊಳ್ಳಿ.

ತಂಗಿ ಇದ್ದವಳು:

ನಾನು ಸಂಶೋಧಕಿ ಅಲ್ಲ. ನಿಮ್ಮ ಲೆಕ್ಕದ ಡ್ರಾಪ್‌ಔಟ್‌ಗಳ ಥರ ಒಂದೇ ಸಲ ಹೋಗಿ ಬಂದವಳು. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ಅಣ್ಣ ಹೋಗಿ ಮೂರು ವರ್ಷವಾಯಿತು. ಅವನು ಹೋದ ಎರಡನೇ ತಿಂಗಳಲ್ಲಿ ನಾನು ಅಂಥ ಒಂದು ಜಾಗಕ್ಕೆ ಹೋಗಿದ್ದೆ. ಅಲ್ಲಿನ ಫಾರಂನಲ್ಲಿ 'ತೀರಿಕೊಂಡವರು ನಿಮಗೆ ಏನಾಗಬೇಕು' ಅಂತ ಇತ್ತು. ಪಕ್ಕದಲ್ಲಿ ನಾಲ್ಕು ಚೌಕ: ಗಂಡ/ಹೆಂಡತಿ, ತಂದೆ/ತಾಯಿ, ಮಗ/ಮಗಳು, ಇತರೆ. ಅಣ್ಣ ಇರಲಿಲ್ಲ. 'ಇತರೆ' ಪಕ್ಕ ಗುರುತು ಹಾಕಿದೆ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಎರಡು ತಿಂಗಳಿಂದ ಎಲ್ಲರೂ ನನ್ನನ್ನು ಕೇಳಿದ್ದು 'ಅಮ್ಮ ಹೇಗಿದ್ದಾರೆ, ಅತ್ತಿಗೆ ಹೇಗಿದ್ದಾರೆ' ಅಂತ ಮಾತ್ರ. ಕಾಗದವೂ ಅದನ್ನೇ ಹೇಳಿದ ಹಾಗಾಯಿತು.

ಒಳಗೆ ಕೂತವರು ಒಳ್ಳೆಯವರು. ನನಗೆ ಸಿಟ್ಟೇ ಬರುತ್ತಿಲ್ಲ, ನಾನು ಸರಿಯಾಗಿ ದುಃಖ ಪಡುತ್ತಿಲ್ಲವೇನೋ ಅಂತ ಕೇಳಿದೆ. ದುಃಖಕ್ಕೆ ಐದು ಹಂತ, ಸಿಟ್ಟು ಅದರಲ್ಲಿ ಒಂದು ಅಂತ ಎಲ್ಲೋ ಓದಿದ್ದೆ. ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ, ಉಳಿದವರನ್ನು ನೋಡಿ ಅಲ್ಲ ಅಂತ ಆ ಕೌನ್ಸೆಲರ್ ಹೇಳಿದರು. ಆಮೇಲೆ ಒಂದು ಹಾಳೆಯ ಮೇಲೆ ಎರಡು ಸೊನ್ನೆ ಬರೆದರು. ಒಂದರಲ್ಲಿ 'ಅಣ್ಣ', ಇನ್ನೊಂದರಲ್ಲಿ 'ನಾಳೆಯ ಕೆಲಸ'. ನಡುವೆ ಹೋಗಿ ಬರುವ ಗೆರೆ. ದಿನಕ್ಕೆ ಎಷ್ಟು ಸಲ ಬೇಕಾದರೂ ಆ ಕಡೆ ಈ ಕಡೆ ಓಡಾಡಬಹುದು, ಎರಡೂ ದುಃಖದ ಭಾಗವೇ ಅಂದರು. ಆ ಹಾಳೆ ಇವತ್ತಿಗೂ ನನ್ನ ಬೀರುವಿನ ಬಾಗಿಲ ಒಳಗೆ ಅಂಟಿದೆ. ಮತ್ತೆ ಹೋಗಲಿಲ್ಲ. ಹೋಗಬೇಕು ಅನಿಸಲಿಲ್ಲ.

ಆದರೆ ಯಾರಾದರೂ ಒಮ್ಮೆ ಫೋನ್ ಮಾಡಿದ್ದರೆ ಚೆನ್ನಾಗಿತ್ತು. ಒಂದು ವಿನಂತಿ. ಮಾಡುವ ಮುಂಚೆ ತಾರೀಖು ನೋಡಿ. ಅವರು ಹೋದ ದಿನ, ಹುಟ್ಟಿದ ದಿನ ಮಾಡಬೇಡಿ.

ಹೊಸಹೆಜ್ಜೆ:

ಅಕ್ಕ, ನಿಮ್ಮದನ್ನು ಓದಿ ಎದ್ದುಹೋಗಿ ನನ್ನ ಫಾರಂ ತೆಗೆದು ನೋಡಿದೆ. ಅದರಲ್ಲೂ 'ಇತರೆ' ಇದೆ. ಅಣ್ಣ ತಮ್ಮ ಅಕ್ಕ ತಂಗಿ ಇಲ್ಲ, ಸ್ನೇಹಿತರಿಲ್ಲ. ಚೌಕಗಳನ್ನೆಲ್ಲ ತೆಗೆದು ಒಂದು ಖಾಲಿ ಗೆರೆ ಬಿಟ್ಟೆ. ಅವರ ಮಾತಲ್ಲೇ ಬರೆಯಲಿ.

ಮೇಡಂ, ಎರಡು ಪ್ರಶ್ನೆ. ಆ ಫೋನ್ ಕರೆ ಯಾರು ಮಾಡಬೇಕು? ಒಂದೇ ಸಲ ಬಂದವರಲ್ಲಿ ನಿಜಕ್ಕೂ ಜಾಸ್ತಿ ಸಹಾಯ ಬೇಕಾದವರು ತಪ್ಪಿಹೋದರೆ?

ಬಾಗಿಲ ಹತ್ತಿರದ ಕುರ್ಚಿ:

ಆ 'ಇತರೆ' ಚೌಕದ ಮಾತು ನನಗೂ ತಾಗಿತು. ಹೊರಗಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಅದು ಗೊತ್ತಿದ್ದೂ ನಾವು ನಮ್ಮ ಫಾರಂಗಳನ್ನು ನೋಡಿಕೊಂಡಿಲ್ಲ. ನಾಳೆ ನಮ್ಮದನ್ನೂ ತೆಗೆದು ನೋಡುತ್ತೇನೆ.

ಕರೆಯನ್ನು ಅವರ ಜೊತೆ ಕೂತ ಕೌನ್ಸೆಲರ್ ಮಾಡಬಾರದು. ಕಷ್ಟ ಕೇಳಿದವರಿಗೆ 'ಏನೂ ಪ್ರಯೋಜನ ಆಗಲಿಲ್ಲ' ಅಂತ ಹೇಳಲು ಯಾರಿಗೂ ಮನಸ್ಸು ಬರಲ್ಲ. ನೀವೇ ಮಾಡಿ. ನೀವು ಮಾಡುತ್ತೀರಿ ಅಂತ ಬಂದ ದಿನವೇ ಅವರಿಗೆ ಹೇಳಿ.

ಎರಡನೆಯದು ದೊಡ್ಡದು. ಒಂದೇ ಸಲ ಸಿಗುವವರು ಅಂತ ಗೊತ್ತಿರುವುದರಿಂದಲೇ ಸಾಯಬೇಕು ಅನಿಸುತ್ತಾ ಅಂತ ಅವತ್ತೇ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ಭಯ. ಹೌದು ಅಂದರೆ ಅವತ್ತು ಮುಂದೆ ಯಾರ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನುವುದು ನಿಮ್ಮ ಮೇಜಿನ ಮೇಲೆ ಮೊದಲೇ ಬರೆದಿಟ್ಟಿರಬೇಕು. ಇನ್ನು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡವರಿಗೆ ನಮ್ಮ ಐವತ್ತು ನಿಮಿಷ ಸಾಲದು. ಕ್ಯಾಥರೀನ್ ಶಿಯರ್ ಮತ್ತು ಜೊತೆಯವರ 2005ರ ಅಧ್ಯಯನದಲ್ಲಿ ಅಂಥ ದುಃಖಕ್ಕೇ ಅಂತ ರೂಪಿಸಿದ ಚಿಕಿತ್ಸೆಯಿಂದ ನೂರಕ್ಕೆ 51 ಜನ ಸುಧಾರಿಸಿದರು, ಸಾಮಾನ್ಯವಾಗಿ ಖಿನ್ನತೆಗೆ ಕೊಡುವ ಇನ್ನೊಂದು ಥೆರಪಿಯಿಂದ 28 ಜನ. ಅದು ಸುಮಾರು 16 ಭೇಟಿಗಳ ಕೆಲಸ. ಅಂಥವರನ್ನು ಅಲ್ಲಿಗೆ ತಲುಪಿಸುವುದೂ ನಿಮ್ಮ ಅಧ್ಯಯನದಲ್ಲಿ ಎಣಿಸಬೇಕಾದ ಫಲಿತಾಂಶವೇ.

ಆ ಹಿರಿಯರಿಗೆ ಫೋನ್ ಮಾಡಿದಾಗ ಮಗನ ಫೋನ್ ಬಗ್ಗೆ ನೀವಾಗಿ ಕೇಳಬೇಡಿ. ಅವರು ತೆಗೆದರೆ ಮಾತ್ರ ಮಾತಾಡಿ.