ಚಾವಡಿಯಲ್ಲಿ ಕೂಟ, ಒಳಗೆ ಅಡುಗೆ: ಹವ್ಯಾಸಕ್ಕೆ ಮನೆಯಲ್ಲಿ ಇಬ್ಬರಿಗೂ ಸಮಯ ಸಿಗುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗಿನ ಹಳ್ಳಿಯಲ್ಲಿದೆ. ಅಡಿಕೆ ತೋಟವಿದೆ, ಹಟ್ಟಿಯಲ್ಲಿ ದನಗಳಿವೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಯಜಮಾನರು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು; ನಿವೃತ್ತರಾದ ಮೇಲೆ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದ ಕೂಟದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವುದಕ್ಕೆ ತೊಡಗಿದ್ದಾರೆ. ನಮ್ಮ ಕಡೆಯವರಿಗೆ ತಿಳಿದಂತೆ ಮೇ ತಿಂಗಳ ಕೊನೆಯ ಹೊತ್ತಿನ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕೂಟಗಳ ಕಾಲ ಆರಂಭವಾಗುತ್ತದೆ. ಮಳೆಗಾಲವಿಡೀ ಒಂದು ದಿನ ಭಜನಾ ಮಂದಿರದಲ್ಲಿ, ಇನ್ನೊಂದು ದಿನ ಯಾರದ್ದೋ ಮನೆಯಲ್ಲಿ, ಮತ್ತೊಂದು ದಿನ ನಮ್ಮ ಚಾವಡಿಯಲ್ಲಿಯೇ ಕೂಟ ನಡೆಯುತ್ತದೆ.

ಅವರ ಉತ್ಸಾಹವನ್ನು ಕಂಡು ನನಗೆ ನಿಜವಾಗಿ ಸಂತೋಷವಾಗುತ್ತದೆ. ನಿವೃತ್ತಿಯ ಮೊದಲ ತಿಂಗಳುಗಳಲ್ಲಿ ಅವರು ಮಂಕಾಗಿ ಕುಳಿತಿದ್ದನ್ನು ನೋಡಿದವಳು ನಾನು. ಈಗ ಬೆಳಿಗ್ಗೆಯೇ ಯಕ್ಷಗಾನ ಪ್ರಸಂಗದ (ಕಥಾನಕದ) ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾರೆ. ಆದರೆ ನಮ್ಮಲ್ಲಿ ಕೂಟವಿರುವ ದಿನ ಬಂದವರಿಗೆಲ್ಲ ಕಾಫಿ, ಅವಲಕ್ಕಿ, ರಾತ್ರಿಯ ಊಟ, ನಡುವೆ ಹಾಲು ಕರೆಯುವ ಕೆಲಸ ಎಲ್ಲವೂ ನನ್ನ ಪಾಲಿಗೆ ಬರುತ್ತವೆ. ಅವರು ಬೇರೆ ಕಡೆಗೆ ಹೋದ ದಿನ ಸಂಜೆಯಿಂದ ನಡುರಾತ್ರಿಯವರೆಗೆ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನನಗೂ ಕೂಟವೆಂದರೆ ಬಹಳ ಪ್ರೀತಿ. ತವರುಮನೆಯಲ್ಲಿ ಅಜ್ಜನಿಗೆ ಕಣ್ಣು ಮಂಜಾದ ಮೇಲೆ ಸಂಜೆ ದೀಪ ಹಚ್ಚಿ ಕುಮಾರವ್ಯಾಸ ಭಾರತವನ್ನು ಓದಿ ಹೇಳುತ್ತಿದ್ದವಳು ನಾನೇ. ಈಗ ಹಾಡುವ ಭಾಗವತರ ಪದ್ಯ ಅಡುಗೆಮನೆಗೆ ಅರ್ಧ ಕೇಳಿಸುತ್ತದೆ, ಅರ್ಥದ ಮಾತು ತುಂಡು ತುಂಡಾಗಿ ಬರುತ್ತದೆ, ಒಳ್ಳೆಯ ಸಂವಾದವೊಂದು ಬಿಸಿಯೇರುವ ಹೊತ್ತಿಗೆ ಸರಿಯಾಗಿ ಅನ್ನ ಬಸಿಯಬೇಕಾಗುತ್ತದೆ.

ಅವರ ಹವ್ಯಾಸವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಎಂದು ಕೇಳುವುದು ಸರಿಯೇ, ಅಥವಾ ನಾನು ಬೇರೊಂದು ಹವ್ಯಾಸವನ್ನು ಹುಡುಕಿಕೊಳ್ಳಬೇಕೇ? ಅರುವತ್ತರ ಹತ್ತಿರವಾಗಿರುವ ನಾನು ಅರ್ಥಗಾರಿಕೆಯನ್ನೇ ಕಲಿಯಲು ಹೊರಟರೆ ಅದು ಅತಿಯಾಸೆಯಾದೀತೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಅಡಿಕೆ ಕೃಷಿಕ, ಪೆರ್ಲ

ಅಕ್ಕಾ, ಕಡಿಮೆ ಮಾಡಿಕೊಳ್ಳಿ ಎಂದು ಮಾತ್ರ ಕೇಳಬೇಡಿ. ದುಡಿಮೆ ನಿಂತ ಮನುಷ್ಯನಿಗೆ ನಾಲ್ಕು ಜನರ ನಡುವೆ ಕುಳಿತು ಮಾತನಾಡುವ ಅವಕಾಶ ಸಿಗುವುದು ದೊಡ್ಡ ವಿಷಯ. ಅದನ್ನು ಕಿತ್ತುಕೊಂಡರೆ ಅವರು ಮನೆಯಲ್ಲಿರುತ್ತಾರೆಯೇ ಹೊರತು ನಿಮ್ಮ ಜೊತೆಗಿರುತ್ತಾರೆಂದು ಹೇಳಲಾಗದು. ಆದರೆ ನಿಮ್ಮ ಮನೆಯ ಕೂಟದಲ್ಲಿ ಬದಲಾಗಬೇಕಾದದ್ದು ಖಂಡಿತ ಇದೆ, ಮತ್ತು ಅದನ್ನು ಬದಲಾಯಿಸಬೇಕಾದವರು ಗಂಡಸರು.

ನಮ್ಮ ಊರಿನ ಸಂಘದಲ್ಲಿ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಮನೆಯಲ್ಲಿ ಕೂಟವಾದರೆ ಊಟವಿಲ್ಲ. ಸಜ್ಜಿಗೆ, ಅವಲಕ್ಕಿ, ಕೊತ್ತಂಬರಿ ಜೀರಿಗೆಯ ಕಷಾಯ, ಇಷ್ಟೇ. ಅದನ್ನೂ ಆ ದಿನ ಪಾತ್ರವಿಲ್ಲದ ಇಬ್ಬರು ಸದಸ್ಯರು ಮೊದಲೇ ಬಂದು ಮಾಡಿಡುತ್ತಾರೆ. ಲೋಟ ತೊಳೆದಿಟ್ಟೇ ಹೊರಡುತ್ತಾರೆ. ಅನುಪತ್ಯಗಳಲ್ಲಿ (ಮನೆಯ ಸಮಾರಂಭಗಳಲ್ಲಿ) ನೂರಾರು ಜನರಿಗೆ ಬಡಿಸಿ ಅಭ್ಯಾಸವಿರುವ ನಮ್ಮ ಗಂಡಸರಿಗೆ ಹದಿನೈದು ಜನರ ಸಜ್ಜಿಗೆ ದೊಡ್ಡ ಕೆಲಸವೇನಲ್ಲ. ಆರಂಭದಲ್ಲಿ ಹಿರಿಯರೊಬ್ಬರು, ಮನೆಗೆ ಬಂದವರನ್ನು ಉಣ್ಣಿಸದೆ ಕಳುಹಿಸುವುದೇ ಎಂದು ಬೇಸರಪಟ್ಟರು. ಆದರೆ ಈ ಕ್ರಮ ಬಂದ ಮೇಲೆ ಮನೆಯ ಹೆಂಗಸರು ಚಾವಡಿಗೆ ಬಂದು ಕುಳಿತು ಮಂಗಳ ಹಾಡುವವರೆಗೆ ಕೇಳುವಂತಾಯಿತು. ಕೇಳುವವರು ಹೆಚ್ಚಾದಾಗ ಅರ್ಥ ಹೇಳುವವರ ಮಾತಿನ ಗುಣವೂ ಹೆಚ್ಚಿತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇನ್ನೊಂದು ಸಲಹೆ. ಅಜ್ಜನಿಗೆ ಭಾರತ ಓದಿ ಹೇಳುತ್ತಿದ್ದೆ ಎಂದು ಬರೆದಿದ್ದೀರಿ. ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿ ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಒಬ್ಬರು ಇರುವುದು ಪದ್ಧತಿ. ಕೂಟವಿಲ್ಲದ ಸಂಜೆಗಳಲ್ಲಿ ನೀವು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಓದಿ, ಅವರು ಅರ್ಥ ಹೇಳಲಿ. ಅವರ ಅಭ್ಯಾಸವೂ ಸಾಗುತ್ತದೆ, ನಿಮ್ಮ ಓದೂ ಮರಳಿ ಬರುತ್ತದೆ.

ಉತ್ತರ: ಕೂಟದ ಹೆಂಗಸು, ಕುಂಬಳೆ

ಪೆರ್ಲದ ಅಣ್ಣ ಹೇಳಿದ ಊಟದ ಕ್ರಮವನ್ನು ಎಲ್ಲ ಸಂಘಗಳೂ ಅನುಸರಿಸಬೇಕು. ಆದರೆ ಅವರ ಎರಡನೆಯ ಸಲಹೆಯನ್ನು ನಾನು ತಿರುಗಿಸಿ ಹೇಳುತ್ತೇನೆ: ಓದುವವರು ಯಜಮಾನರಾಗಲಿ, ಅರ್ಥ ಹೇಳುವವರು ನೀವಾಗಿರಿ. ಹೆಂಡತಿ ಓದಿ ಗಂಡ ವಿವರಿಸಿದರೆ ಅವರು ಮತ್ತೆ ಅಧ್ಯಾಪಕರಾಗುತ್ತಾರೆ, ನೀವು ವಿದ್ಯಾರ್ಥಿನಿಯಾಗಿಯೇ ಉಳಿಯುತ್ತೀರಿ. ಓದುವುದು ನಿಮಗೆ ಮೊದಲೇ ಬರುತ್ತದೆ. ಬರಬೇಕಾದದ್ದು ಮಾತು.

ಅತಿಯಾಸೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಮಹಿಳೆಯರ ತಾಳಮದ್ದಳೆ ತಂಡಗಳಿವೆ. ನಾನು ಅಂಥದೊಂದು ತಂಡದಲ್ಲಿದ್ದೇನೆ. ನಮ್ಮಲ್ಲಿ ಮೊಮ್ಮಕ್ಕಳನ್ನು ಕಂಡವರೇ ಹೆಚ್ಚು. ಯಕ್ಷಗಾನದ ವೇಷಕ್ಕೆ ಕುಣಿಯುವ ಶರೀರ ಬೇಕು. ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತು ಹೇಳುವ ಮಾತೊಂದೇ ಇರುವುದು. ಸಂಸಾರವನ್ನು ಕಂಡ ವಯಸ್ಸು ಈ ಕಲೆಗೆ ಬಲವೇ ಆಗುತ್ತದೆ. ಮಂಡೋದರಿಯ ದುಃಖವನ್ನೋ ಕುಂತಿಯ ಸಂಕಟವನ್ನೋ ಇಪ್ಪತ್ತರ ಹುಡುಗಿ ಹೇಳುವುದಕ್ಕೂ ಅರುವತ್ತರ ಹೆಂಗಸು ಹೇಳುವುದಕ್ಕೂ ಇರುವ ಅಂತರವನ್ನು ಸಭೆ ಕೂಡಲೇ ಗುರುತಿಸುತ್ತದೆ.

ಕಲಿಯುವ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು. ಸಂಭಾಷಣೆಯನ್ನು ಯಾರೂ ಬರೆದುಕೊಡುವುದಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆಗಳು ನಿಲ್ಲುತ್ತವೆ, ಆಮೇಲೆ ಆ ಪದ್ಯದ ಆಶಯವನ್ನು ಪಾತ್ರದ ಬಾಯಿಯಿಂದ ಆಶುವಾಗಿ ವಿಸ್ತರಿಸಬೇಕು. ಆದ್ದರಿಂದ ಮೊದಲು ನಿಮ್ಮ ಪಾತ್ರಕ್ಕೆ ಬರುವ ಪದ್ಯಗಳನ್ನೂ ಎದುರಿನ ಪಾತ್ರದ ಪದ್ಯಗಳನ್ನೂ ಬಾಯಿಪಾಠ ಮಾಡಿ. ಅನಂತರ ಅದೇ ಕಥಾಭಾಗ ಮೂಲದಲ್ಲಿ ಹೇಗಿದೆ ಎಂದು ನೋಡಿ: ಭಾರತದ ಕಥೆಯಾದರೆ ಕುಮಾರವ್ಯಾಸ, ರಾಮಾಯಣದ್ದಾದರೆ ತೊರವೆ ರಾಮಾಯಣ. ಕೇಳುವ ಅಭ್ಯಾಸಕ್ಕೆ ನಮ್ಮ ಸೀಮೆಯವರೇ ಆದ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಧ್ವನಿಮುದ್ರಿಕೆಗಳಿವೆ. ಎದುರಾಳಿಯ ಮಾತಿನಿಂದಲೇ ಪ್ರಶ್ನೆಯನ್ನು ಎತ್ತಿಕೊಂಡು ಅವರು ವಾದವನ್ನು ಕಟ್ಟುವ ರೀತಿಯನ್ನು ಗಮನಿಸಿ ಕೇಳಿ. ಆದರೆ ಅವರ ವಾಕ್ಯಗಳನ್ನೇ ಬಾಯಿಪಾಠ ಮಾಡಬೇಡಿ. ಪಾಠ ಒಪ್ಪಿಸಿದ ಮಾತು ಎದುರಿನವರು ಒಂದು ಅನಿರೀಕ್ಷಿತ ಪ್ರಶ್ನೆ ಹಾಕಿದೊಡನೆ ಕುಸಿಯುತ್ತದೆ.

ಮನೆಯಲ್ಲಿ ನಾವು ಆಡುವ ಮಾತು ಬೇರೆ ಬೇರೆ. ನಮ್ಮ ತಂಡದಲ್ಲಿ ಹವ್ಯಕ ಭಾಷೆಯವರು, ತುಳುವರು, ಕೊಂಕಣಿಯವರು, ಮಲೆಯಾಳ ಮನೆಮಾತಿನವರೊಬ್ಬರು, ಎಲ್ಲರೂ ಇದ್ದಾರೆ. ಕೂಟಕ್ಕೆ ಕುಳಿತರೆ ಎಲ್ಲರದ್ದೂ ಒಂದೇ ಗ್ರಂಥಸ್ಥ ಕನ್ನಡ, ಮತ್ತು ಅದರಲ್ಲಿ ಒಂದು ಇಂಗ್ಲಿಷ್ ಪದವೂ ಬರಬಾರದು. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ವ್ಯವಹಾರದಲ್ಲಿ ಕನ್ನಡದ ಬಳಕೆ ಕುಗ್ಗಿತು, ಆದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಮೂರು ಗಂಟೆ ಕಾಲ ಎಡೆಬಿಡದೆ ಶುದ್ಧ ಕನ್ನಡ ಕೇಳಿಸುವ ಚಾವಡಿಗಳು ಇನ್ನೂ ಇವೆ. ಅಂಥ ಚಾವಡಿ ನಿಮ್ಮ ಮನೆಯಲ್ಲಿಯೇ ಇರುವಾಗ ನೀವು ಬಾಗಿಲ ಹಿಂದೆ ನಿಂತು ಕೇಳುವುದು ನನಗೆ ಸಹಿಸಲಾಗದ ವಿಷಯ.

ಸಮಯದ ಬಗ್ಗೆ ಒಂದು ಮಾತು. ಮನೆಯ ಕೆಲಸ ಮುಗಿದ ಮೇಲೆ ಅಭ್ಯಾಸ ಮಾಡುತ್ತೇನೆಂದು ಇಟ್ಟುಕೊಂಡರೆ ಅಭ್ಯಾಸ ಎಂದೂ ಆಗದು, ಏಕೆಂದರೆ ಮನೆಯ ಕೆಲಸ ಮುಗಿಯುವಂಥದ್ದಲ್ಲ. ನಮ್ಮ ತಂಡದವರು ಮಧ್ಯಾಹ್ನದ ಊಟದ ನಂತರದ ಒಂದು ಗಂಟೆಯನ್ನು ನಿಶ್ಚಯಿಸಿಕೊಂಡಿದ್ದೇವೆ. ಆ ಹೊತ್ತಿಗೆ ಯಾರೇ ಬಂದರೂ ಚಹಾ ಮಾಡುವುದು ಮನೆಯ ಉಳಿದವರ ಜವಾಬ್ದಾರಿ. ಇದನ್ನು ಮನೆಯವರ ಮುಂದೆ ಬಾಯಿಬಿಟ್ಟು ಹೇಳಬೇಕು, ತಾವಾಗಿಯೇ ಅರ್ಥಮಾಡಿಕೊಳ್ಳುತ್ತಾರೆಂದು ಕಾಯಬಾರದು.

ಉತ್ತರ: ಓದುಗಿ, ಮಂಜೇಶ್ವರ

ಹಿರಿಯರ ಮಾತನ್ನು ಗೌರವಿಸುತ್ತಲೇ ನನ್ನ ಒಂದು ಸಂದೇಹವನ್ನು ಮುಂದಿಡುತ್ತೇನೆ. ಗಂಡನ ಹವ್ಯಾಸವೇ ಹೆಂಡತಿಯ ಹವ್ಯಾಸವೂ ಆಗಬೇಕೇ? ಇಬ್ಬರೂ ಒಂದೇ ಕಲೆಯಲ್ಲಿದ್ದರೆ ಹೋಲಿಕೆ ಬರುತ್ತದೆ. ಅವರ ಅರ್ಥ ಚೆನ್ನಾಗಿತ್ತು, ಇವರದ್ದು ಸಾಧಾರಣ ಎಂದು ನೆಂಟರು ಹೇಳುವುದು ತಪ್ಪುವುದಿಲ್ಲ. ಪತಿಗೆ ಸಂಬಂಧವೇ ಇಲ್ಲದ, ನಿಮ್ಮ ಸ್ವಂತದ್ದಾದ ಒಂದು ಆಸಕ್ತಿಯೂ ಇರಲಿ ಎಂದು ನನ್ನ ಆಸೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಗ್ರಾಮದ ಗ್ರಂಥಾಲಯಕ್ಕೆ ಸೇರಿದೆ. ಕೇರಳದ ಹಳ್ಳಿಗಳಲ್ಲಿ ಗ್ರಂಥಾಲಯದ ಸಂಪ್ರದಾಯ ಬಲವಾಗಿದೆ. ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19ನ್ನು ಇಲ್ಲಿ ವಾಚನಾ ದಿನವಾಗಿ ಆಚರಿಸುತ್ತಾರೆ. ನಮ್ಮ ಭಾಗದ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳೂ ಸಿಗುತ್ತವೆ, ಕೆಲವು ಕಡೆ ಮಹಿಳೆಯರಿಗೂ ವಯಸ್ಸಾದವರಿಗೂ ಪುಸ್ತಕವನ್ನು ಮನೆಗೇ ತಂದುಕೊಡುವ ವ್ಯವಸ್ಥೆಯಿದೆ. ಯಜಮಾನರು ಕೂಟಕ್ಕೆ ಹೋದ ರಾತ್ರಿಗಳಲ್ಲಿ ಒಬ್ಬಳೇ ಇರುವುದನ್ನು ನೀವು ಕೊರತೆಯೆಂದು ಬರೆದಿದ್ದೀರಿ. ಕೂಡುಕುಟುಂಬದಲ್ಲಿರುವ ನನಗೆ ಅಷ್ಟು ಹೊತ್ತಿನ ಮೌನ ಸಿಕ್ಕಿದರೆ ಎಷ್ಟು ಓದಬಹುದಿತ್ತು ಎನಿಸಿತು.

ಮರುಬರಹ: ಬದಿಯಡ್ಕದ ಗೃಹಿಣಿ

ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಮಂಜೇಶ್ವರದ ತಂಗಿಯ ಸಂದೇಹದಲ್ಲಿ ಸತ್ಯವಿದೆ. ಆದರೆ ಕೂಟದ ಪ್ರೀತಿ ನನಗೆ ಗಂಡನ ಮನೆಯಿಂದ ಬಂದದ್ದಲ್ಲ, ನನ್ನ ಅಜ್ಜನಿಂದ ಬಂದದ್ದು. ಹಾಗಾಗಿ ಅದು ನನ್ನದೇ ಎಂದು ಭಾವಿಸುತ್ತೇನೆ. ನಿನ್ನೆ ಊಟದ ಹೊತ್ತಿನಲ್ಲಿ ವಿಷಯವನ್ನು ಎತ್ತಿದೆ. ಸಂಜೆ ತಾನು ಓದುತ್ತೇನೆ, ನೀನು ಅರ್ಥ ಹೇಳು ಎಂದು ಅವರು ಒಪ್ಪಿದ್ದಾರೆ, ಅವರ ಮುಖದಲ್ಲಿ ಸಂತೋಷವೂ ಕಂಡಿತು. ಕೂಟದ ದಿನದ ಊಟವನ್ನು ನಿಲ್ಲಿಸುವ ಮಾತಿಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಕೂಟಕ್ಕೆ ಮೊದಲು ಮತ್ತೊಮ್ಮೆ ಕೇಳುವವಳಿದ್ದೇನೆ.

ಕುಂಬಳೆಯ ಅಕ್ಕನಲ್ಲಿ ಒಂದು ಪ್ರಶ್ನೆ: ಮೊದಲ ಪಾತ್ರವಾಗಿ ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಕೂಟದ ಹೆಂಗಸು, ಕುಂಬಳೆ

ವಾಲಿವಧೆಯ ಕಥಾಭಾಗದಲ್ಲಿ ಬರುವ ತಾರೆಯನ್ನು ತೆಗೆದುಕೊಳ್ಳಿ. ಪಾತ್ರ ಚಿಕ್ಕದು, ಪದ್ಯಗಳು ಕೆಲವೇ, ಆದರೆ ವಾದಕ್ಕೆ ಬೇಕಾದ ಸಾಮಗ್ರಿ ತುಂಬಿದೆ. ಯುದ್ಧಕ್ಕೆ ಹೊರಟ ವಾಲಿಯನ್ನು ತಡೆಯುವುದಷ್ಟೇ ಅವಳ ಕೆಲಸ. ಅತ್ತು ಕರೆದು ತಡೆಯುವ ತಾರೆಯನ್ನು ನಾನು ಅನೇಕ ಕೂಟಗಳಲ್ಲಿ ಕೇಳಿದ್ದೇನೆ, ಅದು ನನಗೆ ಒಪ್ಪಿಗೆಯಿಲ್ಲ. ಮೂಲದಲ್ಲಿ ಅವಳು ಯೋಚಿಸಿ ಮಾತನಾಡುವ ಹೆಂಗಸು. ಪೆಟ್ಟು ತಿಂದು ಓಡಿದ ಸುಗ್ರೀವ ಇಷ್ಟು ಬೇಗ ಮರಳಿ ಬಂದು ಗರ್ಜಿಸುತ್ತಿದ್ದಾನೆಂದರೆ ಅವನ ಹಿಂದೆ ಯಾರದೋ ಬೆಂಬಲವಿರಬೇಕು ಎಂದು ಊಹಿಸುತ್ತಾಳೆ. ಅಯೋಧ್ಯೆಯ ರಾಜಕುಮಾರರು ಅವನಿಗೆ ಸ್ನೇಹಿತರಾಗಿದ್ದಾರೆಂಬ ಚಾರರ ಸುದ್ದಿಯನ್ನು ಅಂಗದನ ಮೂಲಕ ತಿಳಿದುಕೊಂಡಿದ್ದಾಳೆ. ತಮ್ಮನಿಗೆ ಯುವರಾಜ ಪದವಿಯನ್ನು ಕೊಟ್ಟು ವೈರವನ್ನು ಮುಗಿಸು ಎಂಬ ದಾರಿಯನ್ನೂ ತೋರಿಸುತ್ತಾಳೆ. ಊಹೆ, ಸುದ್ದಿ, ಪರಿಹಾರ, ಈ ಕ್ರಮದಲ್ಲಿಯೇ ಮಾತನ್ನು ಕಟ್ಟಿಕೊಳ್ಳಿ.

ವಾಲಿಯ ಅರ್ಥವನ್ನು ಮನೆಯಲ್ಲಿ ಯಜಮಾನರೇ ಹೇಳಲಿ. ಅವರು ನಿಮ್ಮ ಪ್ರತಿಯೊಂದು ಕಾರಣವನ್ನೂ ಖಂಡಿಸಲಿ, ಮುಲಾಜು ನೋಡುವುದು ಬೇಡವೆಂದು ಮೊದಲೇ ತಿಳಿಸಿ. ಮಾತು ಮುಗಿಸುವಾಗ ಮುಂದಿನ ಪದ್ಯವನ್ನು ಎತ್ತಿಕೊಳ್ಳಲು ಭಾಗವತರಿಗೆ ಸುಳಿವು ಸಿಗುವಂತೆ ನಿಲ್ಲಿಸಬೇಕಾಗುತ್ತದೆ. ಅದು ಭಾಗವತರ ಎದುರು ಕುಳಿತೇ ಬರಬೇಕು. ಆಟಿಯ ಮುಂದಿನ ಸೋಣ ತಿಂಗಳಲ್ಲಿ ನಮ್ಮ ತಂಡದ ಅಭ್ಯಾಸ ಕುಂಬಳೆಯಲ್ಲಿ ನಡೆಯುತ್ತದೆ, ಮಧ್ಯಾಹ್ನದ ಬಸ್ಸಿನಲ್ಲಿ ಬಂದರೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು. ಒಂದು ದಿನ ತಡವಾದರೆ ಹಾಲನ್ನು ಯಜಮಾನರು ಕರೆಯಲಿ.